ಗಿಡದ ತವರು ಕೇಳಿ, ಆಮೇಲೆ ಕುಂಡ ಹುಡುಕಿ

ಮನೆಗೆ ಯಾರು ಹೊಸ ಗಿಡ ತಂದರೂ ನಾನು ಮೊದಲು ಕೇಳುವುದು ಒಂದೇ ಮಾತು, ಇದರ ತವರು ಯಾವುದು ಅಂತ. ‘ಗಿಡಕ್ಕೂ ತವರು ಇರುತ್ತಾ ಅತ್ತೆ?’ ಎಂದು ಸೊಸೆ ಮೊದಮೊದಲು ಕೇಳುತ್ತಿದ್ದಳು. ಈಗ ಅವಳೇ ನರ್ಸರಿಯವರನ್ನು ನಿಲ್ಲಿಸಿ ಕೇಳುತ್ತಾಳೆ.

ನನಗೆ ಇದನ್ನು ಕಲಿಸಿದ್ದು ಒಂದು ಅಡೇನಿಯಂ. ಮೂವತ್ತು ವರ್ಷದ ಹಿಂದಿನ ಮಾತು. ಬಯಲುಸೀಮೆಯಲ್ಲಿದ್ದ ತಂಗಿಯ ಮನೆಯಿಂದ ಸೀರೆಯಲ್ಲಿ ಸುತ್ತಿಕೊಂಡು ತಂದಿದ್ದೆ. ಬುಡ ಹೂಜಿಯ ಹಾಗೆ ದಪ್ಪ, ಮೇಲೆ ನಾಲ್ಕೇ ರೆಂಬೆ, ಬೇಸಿಗೆಯಿಡೀ ಗುಲಾಬಿ ಬಣ್ಣದ ಹೂವು. ನೋಡಿದವರೆಲ್ಲ ನಿಂತು ಮಾತಾಡಿಸಿಕೊಂಡು ಹೋಗುತ್ತಿದ್ದರು. ಮಳೆಗಾಲ ಹಿಡಿಯಿತು. ಗಿಡ ಅಂದಮೇಲೆ ಮಳೆ ನೀರು ಬೇಡವೇ ಎಂದು ಅಂಗಳದಲ್ಲೇ ಬಿಟ್ಟೆ. ನಮ್ಮ ಸಾಗರ ಸೀಮೆಯ ಮಳೆ ಹಿಡಿದರೆ ವಾರಗಟ್ಟಲೆ ಬಿಡುವುದಿಲ್ಲ. ಆಷಾಢ ಮುಗಿಯುವ ಹೊತ್ತಿಗೆ ಬುಡ ಒತ್ತಿ ನೋಡಿದರೆ ಕೊಳೆತ ಸೌತೆಕಾಯಿಗೆ ಹೋದ ಹಾಗೆ ಬೆರಳು ಒಳಗೆ ಹೋಯಿತು. ಅದು ಅರೇಬಿಯಾ ಮತ್ತು ಪೂರ್ವ ಆಫ್ರಿಕದ ಒಣನೆಲದ ಗಿಡ ಎಂದು ತಿಳಿದದ್ದು ಆಮೇಲೆ. ಆ ದಪ್ಪ ಬುಡ ಅದರ ನೀರಿನ ಹಂಡೆ. ತಿಂಗಳುಗಟ್ಟಲೆ ಮಳೆ ಕಾಣದ ಊರಿನಲ್ಲಿ ಬದುಕಲು ತುಂಬಿಟ್ಟುಕೊಂಡದ್ದು. ಅದರ ಮೇಲೆ ನಾನು ಎರಡು ತಿಂಗಳ ಮಳೆ ಸುರಿಸಿದ್ದೆ.

ಈಗ ನಮ್ಮಲ್ಲಿ ಮೂರು ಅಡೇನಿಯಂ ಇವೆ. ಜೂನ್ ಬಂತೆಂದರೆ ಮೂರೂ ಮಾಡಿನ ಕೆಳಗೆ, ಇರಚಲು ತಾಗದ ಜಗಲಿ ಮೂಲೆಗೆ ಹೋಗುತ್ತವೆ. ನವರಾತ್ರಿಯ ತನಕ ವಾರಕ್ಕೊಮ್ಮೆ ಒಂದು ಲೋಟ ನೀರು, ಅದೂ ಮಣ್ಣು ಪೂರ್ತಿ ಒಣಗಿದ್ದರೆ ಮಾತ್ರ. ಮಣ್ಣಿನಲ್ಲಿ ಅರ್ಧ ಪಾಲು ಹೊಳೆಯ ದಪ್ಪ ಮರಳು ಅಥವಾ ಇಟ್ಟಿಗೆ ಚೂರು ಇರಲಿ. ಎರಡು ವರ್ಷಕ್ಕೊಮ್ಮೆ ಕುಂಡ ಬದಲಿಸುವಾಗ ಬುಡವನ್ನು ಒಂದು ಅಂಗುಲ ಮೇಲಕ್ಕೆತ್ತಿ ಕೂರಿಸಿದರೆ ಆ ಹೂಜಿಯ ಚಂದ ಕಾಣುತ್ತದೆ. ರೆಂಬೆ ಕತ್ತರಿಸಿದ ಮೇಲೆ ಕೈ ಸೋಪು ಹಾಕಿ ತೊಳೆಯಿರಿ. ಇದರ ಹಾಲನ್ನು ಆಫ್ರಿಕದಲ್ಲಿ ಬಾಣದ ತುದಿಗೆ ವಿಷವಾಗಿ ಹಚ್ಚುತ್ತಿದ್ದರು.

ಬ್ರಹ್ಮಕಮಲದ ವಿಷಯಕ್ಕೆ ಬಂದರೆ ತವರಿನ ಗೊಂದಲ ಇನ್ನೂ ದೊಡ್ಡದು. ಹಿಮಾಲಯದ ಎತ್ತರದಲ್ಲಿ ಬೆಳೆಯುವ, ಉತ್ತರಾಖಂಡದ ರಾಜ್ಯಪುಷ್ಪವಾದ ಬ್ರಹ್ಮಕಮಲ ಬೇರೆಯೇ ಗಿಡ. ನಮ್ಮ ಮನೆಗಳಲ್ಲಿ ರಾತ್ರಿ ಅರಳುವುದು ಮೆಕ್ಸಿಕೊ, ಗ್ವಾಟೆಮಾಲ ಕಡೆಯ ಒಂದು ಜಾತಿಯ ಕಳ್ಳಿ. ಕಳ್ಳಿ ಎಂದ ಕೂಡಲೇ ಬಿಸಿಲಿಗೆ ಇಡಬೇಡಿ, ಇದು ಕಾಡಿನಲ್ಲಿ ಮರದ ಕವಲುಗಳ ಮೇಲೆ, ಎಲೆಗಳ ನೆರಳಿನಲ್ಲಿ ಬದುಕುವ ಕಳ್ಳಿ. ನಾವು ಎಲೆ ಎಂದುಕೊಳ್ಳುವುದು ಅದರ ಕಾಂಡ. ಹಾಗಾಗಿಯೇ ಮೊಗ್ಗು ಆ ‘ಎಲೆ’ಯ ಅಂಚಿನಿಂದ ಹೊರಡುತ್ತದೆ. ಬೇರಿಗೆ ಮರದ ಕವಲಿನಲ್ಲಿ ಸಿಗುವುದು ಒಂದಿಷ್ಟು ಕೊಳೆತ ತರಗೆಲೆ, ತೊಗಟೆ ಪುಡಿ, ಅಷ್ಟೇ. ಕುಂಡದಲ್ಲೂ ಅದನ್ನೇ ಕೊಡಿ. ಎರಡು ಬೊಗಸೆ ತರಗೆಲೆ ಗೊಬ್ಬರಕ್ಕೆ ಒಂದು ಬೊಗಸೆ ಮರಳು, ಒಂದು ಬೊಗಸೆ ಇದ್ದಿಲ ಚೂರು ಸಾಕು.

ತುಂಡು ಕೊಯ್ದ ದಿನವೇ ನೆಡುವುದು ಎಲ್ಲರೂ ಮಾಡುವ ತಪ್ಪು. ಗಾಯ ಹಸಿಯಿದ್ದಾಗ ಮಣ್ಣು ತಾಗಿದರೆ ಕೊಳೆಯುತ್ತದೆ. ಗೇಣುದ್ದದ ತುಂಡನ್ನು ನಾಲ್ಕೈದು ದಿನ ನೆರಳಿನಲ್ಲಿ ಒಣಗಲು ಬಿಟ್ಟು, ಗಾಯ ಮಾಗಿದ ಮೇಲೆ ಎರಡು ಅಂಗುಲ ಹೂಳಿ. ಹೂವಿಗೆ ಎರಡು ಮೂರು ವರ್ಷ ಕಾಯಬೇಕು. ಆ ಹೊತ್ತಿನಲ್ಲಿ ಕುಂಡ ಚಿಕ್ಕದಾಯಿತೆಂದು ದೊಡ್ಡದಕ್ಕೆ ಹಾಕುತ್ತಾ ಹೋದರೆ ಗಿಡ ಕಾಂಡ ಬೆಳೆಸುವುದರಲ್ಲೇ ಇರುತ್ತದೆ, ಮೊಗ್ಗಿನ ಕಡೆ ತಿರುಗುವುದಿಲ್ಲ. ಬೇರು ಕುಂಡದಲ್ಲಿ ಒತ್ತಾಗಿದ್ದರೆ ಹೂವು ಬೇಗ. ಚಳಿಗಾಲದಲ್ಲಿ ನೀರು ಕಡಿಮೆ ಮಾಡಿ, ಮಳೆಗಾಲದ ಮುಂಚೆ ಒಮ್ಮೆ ಹಳೆಯ ಸಗಣಿ ಗೊಬ್ಬರ ಒಂದು ಹಿಡಿ. ಮೊಗ್ಗು ಕಂಡ ಮೇಲೆ ಕುಂಡವನ್ನು ಜಾಗದಿಂದ ಕದಲಿಸಬಾರದು. ನೆಂಟರು ಬರುತ್ತಾರೆಂದು ಒಮ್ಮೆ ಜಗಲಿಗೆ ತಂದಿಟ್ಟು ಏಳು ಮೊಗ್ಗು ಉದುರಿಸಿಕೊಂಡಿದ್ದೇನೆ.

ಅರಳುವ ದಿನ ಗೊತ್ತಾಗುವುದು ಹೇಗೆ ಎಂದು ಕೇಳುತ್ತಾರೆ. ಕೊಕ್ಕಿನಂತೆ ಕೆಳಗೆ ಬಾಗಿದ್ದ ಮೊಗ್ಗು ತುದಿ ಎತ್ತಿ ಮುಂದೆ ನೋಡುತ್ತದೆ, ಹೊರಗಿನ ಎಸಳು ಸ್ವಲ್ಪ ಸಡಿಲವಾಗುತ್ತದೆ. ಸಂಜೆ ಹೀಗೆ ಕಂಡರೆ ಅಂದೇ ರಾತ್ರಿ. ಎಂಟು ಗಂಟೆಯ ನಂತರ ಶುರುವಾಗಿ ನಡುರಾತ್ರಿಗೆ ಪೂರ್ತಿ ಬಿರಿಯುತ್ತದೆ, ಬೆಳಗಿಗೆ ಬಾಡಿ ಜೋತುಬೀಳುತ್ತದೆ. ರಾತ್ರಿ ಹಾರುವ ದೊಡ್ಡ ಪತಂಗಗಳನ್ನು ಕರೆಯಲಿಕ್ಕೆ ಆ ಬಿಳುಪು, ಆ ಪರಿಮಳ. ನಮ್ಮ ಕೇರಿಯಲ್ಲಿ ಯಾರ ಮನೆಯಲ್ಲಿ ಅರಳಿದರೂ ಫೋನು ಬರುತ್ತದೆ. ಕುಂಕುಮ ಹಚ್ಚಿ, ದೀಪ ಇಟ್ಟು, ಕಾಫಿ ಕುಡಿದು ಹನ್ನೆರಡು ಗಂಟೆಯ ತನಕ ಕೂರುತ್ತೇವೆ. ಇಷ್ಟು ಹೆಂಗಸರು ಆ ಹೊತ್ತಿನಲ್ಲಿ ನಿಶ್ಚಿಂತೆಯಿಂದ ಒಟ್ಟಿಗೆ ಕೂರುವುದು ವರ್ಷದಲ್ಲಿ ಆ ಒಂದೆರಡು ರಾತ್ರಿ ಮಾತ್ರ.

ದೂರದ ಗಿಡಗಳ ಮಾತು ಇದಾಯಿತು. ನನ್ನ ಮನಸ್ಸಿಗೆ ಇನ್ನೂ ಹತ್ತಿರದ್ದು ನಮ್ಮ ಮಲೆನಾಡಿನದೇ ಸೀತಾಳೆ ದಂಡೆ, ಮರದ ಮೇಲೆ ಬೆಳೆಯುವ ಒಂದು ಆರ್ಕಿಡ್. ಅಸ್ಸಾಮಿನಲ್ಲಿ ಇದಕ್ಕೆ ಕಪೌ ಅನ್ನುತ್ತಾರೆ, ಅಲ್ಲಿನ ರಾಜ್ಯಪುಷ್ಪ. ಬಿಹು ಹಬ್ಬದ ಕುಣಿತಕ್ಕೆ ಹುಡುಗಿಯರು ತುರುಬಿಗೆ ಸುತ್ತಿಕೊಳ್ಳುತ್ತಾರೆ. ನಾವೂ ಮುಡಿದವರೇ. ಮುಂಗಾರು ಶುರುವಾಗುವ ಹೊತ್ತಿಗೆ ಮಾವು, ಹಲಸಿನ ಮರದಿಂದ ಗೇಣಿಗಿಂತ ಉದ್ದದ ಗೊಂಚಲು ಇಳಿಬೀಳುತ್ತದೆ. ಬಿಳಿ ಎಸಳಿನ ಮೇಲೆ ನೇರಳೆ ಚುಕ್ಕಿ, ಒಂದು ದಂಡೆಯಲ್ಲಿ ನೂರರ ಹತ್ತಿರ ಹೂವು. ಯಾರೂ ಪೋಣಿಸಬೇಕಿಲ್ಲ, ಮರವೇ ದಂಡೆ ಕಟ್ಟಿ ಕೊಡುತ್ತದೆ.

ಇದನ್ನು ಕುಂಡದಲ್ಲಿ ಮಣ್ಣು ತುಂಬಿ ನೆಟ್ಟವರು ಬಹಳ ಮಂದಿ, ಉಳಿಸಿಕೊಂಡವರನ್ನು ನಾನು ಕಂಡಿಲ್ಲ. ಬಂದಳಿಕೆಯಂತೆ ಮರದ ರಸ ಹೀರುತ್ತದೆ ಎಂಬುದೂ ತಪ್ಪು ತಿಳಿವಳಿಕೆ. ಮರವನ್ನು ಅದು ಹಿಡಿದುಕೊಳ್ಳುತ್ತದೆ, ಅಷ್ಟೇ. ಊಟ, ನೀರು ಎಲ್ಲ ಗಾಳಿ ಮಳೆಯಿಂದ, ತೊಗಟೆಯ ಮೇಲಿನ ಕಸದಿಂದ. ಬೇರಿನ ಮೇಲೆ ಬೆಳ್ಳಿ ಬಣ್ಣದ, ಸ್ಪಂಜಿನಂಥ ಹೊದಿಕೆಯಿದೆ. ಅದರ ಮೇಲೆ ನೀರು ಚಿಮುಕಿಸಿ ನೋಡಿ, ಕಣ್ಣೆದುರೇ ಹಸಿರಾಗುತ್ತದೆ. ಹಸಿರಾದರೆ ಕುಡಿಯಿತು ಎಂದರ್ಥ, ಮತ್ತೆ ಬೆಳ್ಳಗಾಗುವ ತನಕ ನೀರು ಬೇಡ. ನಾನು ಮಾಡುವುದು ಇಷ್ಟು: ಜೂನ್ ಮೊದಲ ಮಳೆ ಬಿದ್ದ ಮೇಲೆ, ಒರಟು ತೊಗಟೆಯ ಮರದ ಪೂರ್ವ ಮಗ್ಗುಲಿಗೆ, ಎಳೆ ಬಿಸಿಲು ಬೀಳುವಲ್ಲಿ, ತೆಂಗಿನ ನಾರಿನ ಹಗ್ಗದಿಂದ ಕಟ್ಟುತ್ತೇನೆ. ತಂತಿ ಬೇಡ, ಕೊರೆಯುತ್ತದೆ. ಮಳೆಗಾಲ ಮುಗಿಯುವಷ್ಟರಲ್ಲಿ ಬೇರು ತೊಗಟೆ ಹಿಡಿದಿರುತ್ತದೆ, ಹಗ್ಗ ತಾನೇ ಕೊಳೆತು ಬೀಳುತ್ತದೆ. ಮಾರ್ಚ್, ಏಪ್ರಿಲ್‌ನಲ್ಲಿ ದಿನಾ ಬೆಳಿಗ್ಗೆ ನೀರು ಚಿಮುಕಿಸಿ. ಅಪಾರ್ಟ್‌ಮೆಂಟಿನವರು ಒಂದು ಮರದ ತುಂಡಿಗೆ ಕಟ್ಟಿ ಬಾಲ್ಕನಿಯಲ್ಲಿ ತೂಗುಹಾಕಬಹುದು, ಆದರೆ ನೀರು ಚಿಮುಕಿಸುವುದನ್ನು ಬೇಸಿಗೆಯಲ್ಲಿ ಎರಡು ಹೊತ್ತಿಗೆ ಏರಿಸಬೇಕು.

ಗಿಡ ಎಲ್ಲಿಂದ ತರಬೇಕು ಎಂಬುದರಲ್ಲಿ ನಾನು ಸ್ವಲ್ಪ ನಿಷ್ಠುರ. ಕಾಡಿನ ಮರದಿಂದ ಕಿತ್ತು ತರಬೇಡಿ, ರಸ್ತೆ ಬದಿ ಚೀಲದಲ್ಲಿ ಮಾರುವವರಿಂದ ಕೊಳ್ಳಲೂ ಬೇಡಿ. ಆರ್ಕಿಡ್ ಬೀಜ ಧೂಳಿನಷ್ಟು ಸಣ್ಣ, ಒಳಗೆ ಬುತ್ತಿಯೇ ಇಲ್ಲ. ತಕ್ಕ ಶಿಲೀಂಧ್ರ ಸಿಕ್ಕಿ, ಅದು ಊಡಿಸಿದರೆ ಮಾತ್ರ ಮೊಳೆಯುತ್ತದೆ. ಒಂದು ಕಾಯಿಯಲ್ಲಿ ಸಾವಿರಾರು ಬೀಜವಿದ್ದರೂ ಹೂ ಬಿಡುವ ತನಕ ಬದುಕುವುದು ಬೆರಳೆಣಿಕೆಯಷ್ಟು. ಹೀಗಿರುವಾಗ ಬುಟ್ಟಿಗಟ್ಟಲೆ ಕಿತ್ತರೆ ಆ ಮರ ಮತ್ತೆ ತುಂಬುವುದನ್ನು ನಮ್ಮ ಮೊಮ್ಮಕ್ಕಳೂ ನೋಡಲಾರರು. ನಮ್ಮ ಮನೆಯವೆಲ್ಲ ನಮ್ಮದೇ ತೋಟದಲ್ಲಿ ಗಾಳಿಗೆ ಮುರಿದು ಬಿದ್ದ ಕೊಂಬೆಗಳಿಂದ ಎತ್ತಿ ಕಟ್ಟಿದವು. ಅಂಥ ಅನುಕೂಲ ಇಲ್ಲದವರು ಅಂಗಾಂಶ ಕೃಷಿಯಲ್ಲಿ, ಅಂದರೆ ಪ್ರಯೋಗಾಲಯದಲ್ಲಿ ಗಿಡದ ಸಣ್ಣ ಚೂರಿನಿಂದ ಬೆಳೆಸಿದ ಸಸಿಯನ್ನು ನರ್ಸರಿಯಲ್ಲಿ ಕೇಳಿ ತನ್ನಿ.

ಘಟ್ಟದ ಇನ್ನೊಬ್ಬ ಮಗಳು ಥನ್ಬರ್ಜಿಯಾ ಮೈಸೂರೆನ್ಸಿಸ್ ಎಂಬ ಹೂಬಳ್ಳಿ. ಹೆಸರಿನಲ್ಲೇ ಮೈಸೂರಿದೆ, ಆದರೂ ನಮ್ಮ ಎಷ್ಟೋ ಮನೆಗಳಿಗೆ ಇವಳ ಪರಿಚಯವಿಲ್ಲ. ಇಂಗ್ಲೆಂಡಿನ ರಾಯಲ್ ಹಾರ್ಟಿಕಲ್ಚರಲ್ ಸೊಸೈಟಿ ಒಳ್ಳೆಯ ತೋಟದ ಗಿಡವೆಂದು ಪ್ರಶಸ್ತಿ ಕೊಟ್ಟಿದೆ, ಅಲ್ಲಿನವರು ಗಾಜಿನ ಮನೆ ಕಟ್ಟಿ ಬೆಳೆಸುತ್ತಾರೆ. ನಮಗೆ ಎಂಟಡಿ ಎತ್ತರದ ಒಂದು ಚಪ್ಪರ ಸಾಕು. ಚಪ್ಪರ ತಗ್ಗಾದರೆ ಕೆಲಸ ಕೆಟ್ಟಿತು, ಏಕೆಂದರೆ ಅರಿಸಿನ ಹಳದಿಯ ಮೇಲೆ ಕಂದುಗೆಂಪು ಬಳಿದ ಹೂಗಳ ಸರ ಎರಡಡಿ ಕೆಳಗೆ ಇಳಿಯುತ್ತದೆ, ತಲೆ ತಾಗಿ ಉದುರುತ್ತದೆ. ಬೆಳಗಿನ ಬಿಸಿಲು, ಬುಡಕ್ಕೆ ತರಗೆಲೆ ಮುಚ್ಚಿಗೆ, ಬೇಸಿಗೆಯಲ್ಲಿ ತಪ್ಪದೆ ನೀರು. ಹೂವು ಮುಗಿದ ಮೇಲೆ ಧೈರ್ಯವಾಗಿ ಸವರಿಬಿಡಿ, ಮುಂದಿನ ಹೂವು ಹೊಸ ಚಿಗುರಿನಲ್ಲೇ. ಸೂರಕ್ಕಿಗಳು ಈ ಸರಕ್ಕೆ ತಲೆಕೆಳಗಾಗಿ ಜೋತು ಜೇನು ಹೀರುವುದನ್ನು ನೋಡಲಿಕ್ಕಾದರೂ ಒಂದು ಬಳ್ಳಿ ಹಾಕಿ.

ಜೇಡ್ ಬಳ್ಳಿ ಎಂದು ಈಗ ಎಲ್ಲರೂ ಹುಡುಕುವ, ಹಸಿರಿಗೂ ನೀಲಿಗೂ ನಡುವಿನ ಬಣ್ಣದ ಹೂವಿನದು ಫಿಲಿಪ್ಪೀನ್ಸಿನ ಮಳೆಕಾಡು. ಕರಾವಳಿಯವರಿಗೆ ಇದು ಸಲೀಸು. ಚಳಿ 15 ಡಿಗ್ರಿಗಿಂತ ಇಳಿಯುವ ಊರಿನವರು ದುಡ್ಡು ಹಾಕುವ ಮೊದಲು ಯೋಚಿಸಿ. ಬಿದಿರಿನ ಚಪ್ಪರ ಇದರ ಭಾರ ತಡೆಯುವುದಿಲ್ಲ, ಕಲ್ಲುಕಂಬ ಅಥವಾ ಕಬ್ಬಿಣ ಬೇಕು.

ಹೂಜಿಗಿಡ ಕೇಳಿ ಮಕ್ಕಳು ಹಟ ಮಾಡುತ್ತಾರೆ, ಹುಳ ತಿನ್ನುವ ಗಿಡವಲ್ಲವೇ. ಭಾರತದ್ದೇ ಆದ ಜಾತಿ ಮೇಘಾಲಯದ ಖಾಸಿ ಬೆಟ್ಟದ್ದು, 1972ರ ವನ್ಯಜೀವಿ ಕಾಯ್ದೆಯ ರಕ್ಷಣೆಯಲ್ಲಿದೆ. ನರ್ಸರಿಯಲ್ಲಿ ಬೆಳೆಸಿದ ಮಿಶ್ರತಳಿಯನ್ನೇ ತನ್ನಿ. ನೆಲದಲ್ಲಿ ಸಾರವಿಲ್ಲದ ಕಡೆ ಹುಟ್ಟಿದ್ದರಿಂದಲೇ ಇದು ಹುಳ ಹಿಡಿಯಲು ಕಲಿತದ್ದು. ಪ್ರೀತಿಯಿಂದ ಗೊಬ್ಬರ ಹಾಕಿದರೆ ಸಾಯುತ್ತದೆ. ತೆಂಗಿನ ಸಿಪ್ಪೆಯ ಚೂರು, ಇದ್ದಿಲು, ಅಷ್ಟರಲ್ಲೇ ನೆಡಿ. ಬೋರ್‌ವೆಲ್‌ನ ಗಡಸು ನೀರು ಆಗದು. ಮಾಡಿನ ನೀರನ್ನು ಕೊಡದಲ್ಲಿ ಹಿಡಿದಿಟ್ಟು ಅದನ್ನೇ ಹಾಕಿ. ಹೂಜಿಯೊಳಗಿನ ನೀರನ್ನು ಕೊಳಕೆಂದು ಚೆಲ್ಲಬೇಡಿ, ಅದು ಅದರ ಜೀರ್ಣರಸ.

ಗೌರಿಹೂವಿನ ವಿಷಯ ಹೇಳದೆ ಬಿಟ್ಟರೆ ನನಗೆ ಸಮಾಧಾನವಾಗದು. ಅಗ್ನಿಶಿಖೆ ಅನ್ನುವುದೂ ಇದಕ್ಕೇ. ಚೌತಿಯ ಹೊತ್ತಿಗೆ ಬೇಲಿಯ ಮೇಲೆ ಹಳದಿ ಕೆಂಪಿನ ಬೆಂಕಿ ನಾಲಿಗೆ ಮೇಲೆದ್ದ ಹಾಗೆ ಅರಳುತ್ತದೆ, ಗಣಪತಿಯ ಮೇಲಿನ ಫಲಾವಳಿಗೆ ಕಟ್ಟುತ್ತೇವೆ. ಎಲೆಯ ತುದಿಯೇ ಸುರುಳಿಯಾಗಿ ಆಸರೆ ಹಿಡಿಯುತ್ತದೆ. ಗೆಡ್ಡೆ ಕವಲುಕೋಲಿನ ಆಕಾರ. ಅದರ ತುದಿಯಲ್ಲಿ ಮಾತ್ರ ಮೊಳಕೆ ಇರುವುದು, ಅದು ಮುರಿದರೆ ಗೆಡ್ಡೆ ವ್ಯರ್ಥ. ಮೇ ತಿಂಗಳ ಕೊನೆಗೆ ಎರಡು ಮೂರು ಅಂಗುಲ ಆಳದಲ್ಲಿ ಅಡ್ಡ ಮಲಗಿಸಿ. ಹೂವು ಕಾಯಿ ಮುಗಿದು ಬಳ್ಳಿ ಒಣಗಿದ ಮೇಲೆ ಬೇಸಿಗೆಯಿಡೀ ಒಂದು ಹನಿ ನೀರೂ ಬೇಡ. ಸತ್ತಿತೆಂದು ಮಣ್ಣು ಕೊಡವಿ ಬೇರೆ ಗಿಡ ಹಾಕಿದವರು ಎಷ್ಟೋ ಜನ. ಕುಂಡಕ್ಕೊಂದು ಗುರುತಿನ ಕೋಲು ಚುಚ್ಚಿ ಕೊಟ್ಟಿಗೆಯ ಮೂಲೆಗಿಡಿ. ಆದರೆ ನೆನಪಿರಲಿ, ಇದರ ಗೆಡ್ಡೆ ಕಡುವಿಷ, ಜೀವ ತೆಗೆಯುತ್ತದೆ. ಗೆಣಸಿನ ಹತ್ತಿರ, ಅಡುಗೆಮನೆಯ ಗೆಡ್ಡೆಗಳ ಹತ್ತಿರ ಇದನ್ನು ಒಣಗಲು ಹರಡಬೇಡಿ. ಮಕ್ಕಳಿರುವ, ದನಕರು ಬಾಯಿ ಹಾಕುವ ಜಾಗದಲ್ಲಂತೂ ಬೇಡವೇ ಬೇಡ.

ಮೊಬೈಲಿನಲ್ಲಿ ನೀಲಿ ಗುಲಾಬಿ, ಏಳು ಬಣ್ಣದ ಗುಲಾಬಿಯ ಬೀಜ ಎಂದು ಚಿತ್ರ ತೋರಿಸಿ ಮಾರುತ್ತಾರೆ. ನನ್ನ ಮೊಮ್ಮಗಳೂ ತರಿಸಿದ್ದಳು, ಹುಟ್ಟಿದ್ದು ಯಾವುದೋ ಕಳೆ. ನಿಜವಾಗಿ ನೀಲಿಯಾದ ಗುಲಾಬಿ ಇಲ್ಲ. ಜಪಾನಿನಲ್ಲಿ ಜೀನ್ ಬದಲಿಸಿ ತಯಾರಿಸಿ 2009ರಲ್ಲಿ ಮಾರಾಟಕ್ಕೆ ತಂದದ್ದು ಕೂಡ ತಿಳಿನೇರಳೆಯೇ. ಅಲ್ಲದೆ ಒಳ್ಳೆಯ ಗುಲಾಬಿ ಬೆಳೆಸುವುದು ಕಸಿಯಿಂದ, ಬೀಜದಿಂದ ತಾಯಿಯ ಬಣ್ಣ ಬರುವುದಿಲ್ಲ.

ಹೊಸ ಗಿಡ ತೋಟ ದಾಟಿ ಹೋಗದ ಹಾಗೆ ಕಾಯುವುದೂ ನಮ್ಮ ಕೆಲಸ. ಲಂಟಾನ ಚಂದದ ಹೂವಿನ ಗಿಡವೆಂದೇ ಈ ದೇಶಕ್ಕೆ ಬಂದದ್ದು. ಹಳದಿ ಹೂವಿನ ಸೆನ್ನಾ ಸ್ಪೆಕ್ಟಾಬಿಲಿಸ್ ಕೂಡ ಹಾಗೆಯೇ. ಇವತ್ತು ಬಂಡೀಪುರದ ಕಾಡಿನಲ್ಲಿ ಎರಡೂ ಹುಲ್ಲನ್ನು ನುಂಗಿ ನಿಂತಿವೆ. ತಾನಾಗಿ ಬೀಜ ಉದುರಿಸಿ ಬೇಲಿಯಾಚೆ ಹುಟ್ಟತೊಡಗಿದ ಗಿಡವನ್ನು, ಎಷ್ಟೇ ಅಪರೂಪದ್ದಿರಲಿ, ನಾನು ಮುಲಾಜಿಲ್ಲದೆ ಕೀಳುತ್ತೇನೆ. ಕೊಳದ ಗಿಡ ಹೆಚ್ಚಾಯಿತೆಂದು ಕೆರೆಗೆ ಎಸೆಯಬೇಡಿ, ಒಣಗಿಸಿ ಗೊಬ್ಬರ ಮಾಡಿ.

ಇನ್ನೊಂದು ಅಭ್ಯಾಸ ನನ್ನ ತಾಯಿಯಿಂದ ಬಂದದ್ದು. ಯಾವ ಗಿಡ ಚೆನ್ನಾಗಿ ಹತ್ತಿಕೊಂಡರೂ ಮೊದಲ ತುಂಡು ಬೇರೆ ಮನೆಗೆ ಹೋಗಬೇಕು. ತಾಯಿ ಕೊಟ್ಟಿದ್ದ ಬ್ರಹ್ಮಕಮಲ 2019ರ ಆಗಸ್ಟಿನ ಮಳೆಯಲ್ಲಿ ನಮ್ಮ ಹಿತ್ತಲ ಗೋಡೆ ಕುಸಿದಾಗ ಅಡಿಗೆ ಸಿಕ್ಕಿ ಹೋಯಿತು. ಹತ್ತು ವರ್ಷದ ಹಿಂದೆ ನನ್ನಿಂದ ಒಂದು ಗೇಣು ತುಂಡು ಒಯ್ದಿದ್ದ ಕೆಳಗಿನ ಮನೆಯವಳು, ಆ ಮಳೆ ನಿಂತ ವಾರ, ಬಾಳೆಎಲೆಯಲ್ಲಿ ಸುತ್ತಿ ಮೂರು ತುಂಡು ತಂದುಕೊಟ್ಟಳು. ‘ನಾಲ್ಕು ದಿನ ಒಣಗಿಸಿಯೇ ತಂದೆ ಅಕ್ಕಾ, ಇವತ್ತೇ ನೆಡಬಹುದು’ ಅಂದಳು. ಈ ಮಳೆಗಾಲ ಅದರಲ್ಲಿ ಹನ್ನೊಂದು ಹೂವು ಬಿಟ್ಟಿದೆ.