ಬೆಂಕಿ ರೋಗ ತಡೆಯಲು ಭತ್ತಕ್ಕೆ ನೆರವಾಗುವುದು ಹೇಗೆ?

ಎಲೆ ಮೇಲೆ ಚುಕ್ಕೆ ಕಂಡ ಕೂಡಲೇ ಔಷಧಿ ಹೊಡೆಯಲು ಓಡಬೇಡಿ. ಗದ್ದೆಗಿಳಿದು ಹತ್ತಿರದಿಂದ ನೋಡಿ. ರೋಗ ತಡೆಯುವ ತಳಿಯಲ್ಲಿ ಗುಂಡುಸೂಜಿ ತಲೆಯಷ್ಟು ಕಂದು ಚುಕ್ಕೆ ಬಂದು ಅಲ್ಲಿಗೇ ನಿಂತಿದ್ದರೆ ಗಿಡ ತನ್ನ ಕೆಲಸ ಮಾಡಿದೆ ಅಂತ ಅರ್ಥ: ಈ ರೋಗ ತರುವ ಶಿಲೀಂಧ್ರ (ಬೂಷ್ಟು) ನುಗ್ಗಿದ ಜಾಗದ ಜೀವಕೋಶಗಳು ತಾವೇ ಸತ್ತು, ಅದು ಮುಂದೆ ಹೋಗದಂತೆ ದಾರಿ ಮುಚ್ಚಿರುತ್ತವೆ. ಎಂಥಾ ತ್ಯಾಗ ಅಲ್ವಾ! ಚುಕ್ಕೆ ಉದ್ದವಾಗಿ, ಎರಡೂ ತುದಿ ಚೂಪಾಗಿ, ನಡುವೆ ಬೂದಿ ಬಣ್ಣಕ್ಕೆ ತಿರುಗಿದ್ದರೆ ರೋಗ ಮೇಲುಗೈ ಆಗಿದೆ.

ಆಗ ಮೊದಲು ಯೂರಿಯಾ ನಿಲ್ಲಿಸಿ. ಯೂರಿಯಾ ಜಾಸ್ತಿಯಾದರೆ ಪೈರು ಕಡುಹಸಿರಾಗಿ ನೋಡೋಕೆ ಚೆಂದ, ಆದರೆ ಎಲೆ ಮೆತ್ತಗಾಗಿ ರೋಗಕ್ಕೆ ಸುಲಭವಾಗಿ ಸಿಗುತ್ತದೆ. ಮುಂದಿನ ಬೆಳೆಗೆ ಶಿಫಾರಸಿನಷ್ಟನ್ನೇ 2-3 ಕಂತಲ್ಲಿ ಕೊಡಿ. ಗದ್ದೆ ಒಣಗಲು ಬಿಡಬೇಡಿ.

ಉಮಿ ಸುಟ್ಟ ಬೂದಿಯನ್ನು ಸುಮ್ನೆ ಎಸೆಯಬೇಡಿ, ನಾಟಿಗೆ ಮೊದಲು ಮಣ್ಣಿಗೆ ಸೇರಿಸಿ. ಅದರಲ್ಲಿ ಸಿಲಿಕಾ (ಮರಳಿನಲ್ಲಿರುವ ಗಟ್ಟಿ ಖನಿಜ) ತುಂಬಾ ಇದೆ. ಬೇರು ಹೀರಿಕೊಂಡ ಸಿಲಿಕಾ ಎಲೆಯ ಹೊರಪದರದಲ್ಲಿ ಕೂತು ಗಟ್ಟಿಯಾಗುತ್ತದೆ, ಶಿಲೀಂಧ್ರಕ್ಕೆ ಕೊರೆದು ಒಳಗೆ ಹೋಗುವುದು ಕಷ್ಟವಾಗುತ್ತದೆ. ರೋಗ ಬಂದ ಗದ್ದೆಯ ಬೀಜವನ್ನಂತೂ ಬಿತ್ತನೆಗೆ ಇಡಲೇಬೇಡಿ.