ರಾತ್ರಿ ಮೀನಖಂಡ ಹಿಡ್ಕೊಂಡ್ರೆ ಮೊದ್ಲು ಎದ್ದೇಳ್ಬೇಡಿ

ಮಧ್ಯರಾತ್ರಿ ಸೆಳೆತ ಬಂದು ಕಾಲು ಹಿಡ್ಕೊಂಡಾಗ ಜನ ಏನ್ಮಾಡ್ತಾರೆ ಅಂತ ನಮ್ಮನೇಲೂ ನೋಡಿದೀನಿ, ನೆಂಟರ ಮನೇಲೂ ನೋಡಿದೀನಿ. ಅಮ್ಮಾ ಅಂತ ಕೂಗಿ ಮಂಚದಿಂದ ನೆಗೀತಾರೆ, ಒಂಟಿ ಕಾಲಲ್ಲಿ ಕುಂಟ್ಕೊಂಡು ಕತ್ತಲಲ್ಲೇ ಬಾತ್‌ರೂಮ್ ಕಡೆ ಹೋಗ್ತಾರೆ, ಅಲ್ಲಿ ಕಣ್ಣು ಕತ್ತಲೆ ಬಂದು ದೊಪ್ ಅಂತ ಬೀಳ್ತಾರೆ. ಬೆಳಿಗ್ಗೆ ಹಣೆಗೆ ಹೊಲಿಗೆ. ಸೆಳೆತ ಎಷ್ಟೇ ಜೀವ ಹಿಂಡಿದ್ರೂ ಸಾಮಾನ್ಯವಾಗಿ ಕೆಲವು ಸೆಕೆಂಡಿಂದ ಹತ್ತು ನಿಮಿಷದೊಳಗೆ ತಾನೇ ಬಿಡುತ್ತೆ, ಮಾರನೇ ದಿನ ಸ್ವಲ್ಪ ನೋವಿರುತ್ತೆ ಅಷ್ಟೇ. ಪೆಟ್ಟಾಗೋದು ಗಾಬರಿಯಲ್ಲಿ ಎದ್ದು ನಿಂತಿದ್ದಕ್ಕೆ.

ಯಾಕೆ ಹೀಗೆ ಅಂದ್ರೆ, ಗಂಟೆಗಟ್ಟಲೆ ಮಲಗಿದ್ದೋರು ದಿಢೀರ್ ಅಂತ ನಿಂತಾಗ ಸುಮಾರು ಅರ್ಧ ಲೀಟರೋ ಇನ್ನೂ ಜಾಸ್ತಿನೋ ರಕ್ತ ಹೊಟ್ಟೆ-ಕಾಲುಗಳ ಕಡೆ ಇಳಿಯುತ್ತೆ, ಆರೋಗ್ಯವಾಗಿರೋರ ದೇಹ ಕೆಲವೇ ಸೆಕೆಂಡಲ್ಲಿ ಅದನ್ನ ಸರಿದೂಗಿಸುತ್ತೆ, ಆದ್ರೆ ವಯಸ್ಸಾದೋರಿಗೆ, ಬಿಪಿ ಮಾತ್ರೆ ತಗೊಳ್ಳೋರಿಗೆ, ತುಂಬಾ ವರ್ಷದಿಂದ ಶುಗರ್ ಇರೋರಿಗೆ ಅದು ನಿಧಾನ. ಇದರ ಮೇಲೆ ಜೋರು ನೋವು ಬಂದ್ರೆ ವೇಗಸ್ ಅನ್ನೋ ನರ ಕೆರಳಿ ಹೃದಯದ ಬಡಿತ ನಿಧಾನ ಆಗುತ್ತೆ, ರಕ್ತನಾಳ ಸಡಿಲ ಆಗುತ್ತೆ, ಬಿಪಿ ಕುಸಿಯುತ್ತೆ. ನೋವು ಒಂದು ಕಡೆಯಿಂದ, ನಿಂತಿದ್ದು ಇನ್ನೊಂದು ಕಡೆಯಿಂದ, ಎರಡೂ ಸೇರಿ ಬವಳಿ ಬರ್ಸುತ್ತೆ. ಹಾಗಾಗಿ ಸೆಳೆತ ಬಂದ್ರೆ ಎದ್ದು ನಿಂತು ಪಾದ ನೆಲಕ್ಕೆ ಊರಿ ಅಂತ ಎಲ್ಲರೂ ಹೇಳ್ತಾರಲ್ಲ, ಒಂದ್ಸಲನಾದ್ರೂ ತಲೆ ಸುತ್ತಿ ಬಿದ್ದಿರೋರು ಆ ಮಾತು ಕೇಳ್ಲೇಬೇಡಿ.

ಮೊದಲನೇದು: ಮಲಗಿದ್ದಲ್ಲೇ ಬಿಡಿಸಿಕೊಳ್ಳಿ

ಎಲ್ಲರೂ ಎಡವೋ ಜಾಗ ಇದು. ಸೆಳೆತ ಬಂದ ಕೂಡ್ಲೇ ಕೈ ತಾನಾಗೇ ಮೀನಖಂಡಕ್ಕೆ ಹೋಗುತ್ತೆ, ಕೈ ಎಟುಕ್ಲಿ ಅಂತ ಮಂಡಿ ಮಡಿಸ್ಕೊಳ್ತೀರ, ಅಲ್ಲಿಗೆ ಕೆಟ್ಟಿತು. ಮೀನಖಂಡದ ದೊಡ್ಡ ಸ್ನಾಯು ಶುರುವಾಗೋದು ಮಂಡಿಯಿಂದ ಮೇಲೆ, ತೊಡೆ ಮೂಳೆಯ ತುದಿಯಿಂದ, ಮುಗಿಯೋದು ಹಿಮ್ಮಡಿಯಲ್ಲಿ. ಮಂಡಿ ಮಡಿಸಿದ್ರೆ ಅದು ಮೇಲಿನ ಕಡೆಯಿಂದ ಸಡಿಲ ಆಗ್ಬಿಡುತ್ತೆ, ನೀವು ಪಾದ ಎಷ್ಟು ಎಳೆದ್ರೂ ಸ್ನಾಯು ಪೂರ್ತಿ ಚಾಚಲ್ಲ. ಮಂಡಿ ನೆಟ್ಟಗಿರ್ಬೇಕು, ಕಾಲ್ಬೆರಳು ಮುಖದ ಕಡೆ ಬರ್ಬೇಕು. ಎರಡೂ ಒಟ್ಟಿಗೆ. ಬ್ಯಾಲೆ ಆಡೋರ ಥರ ಬೆರಳು ಮುಂದಕ್ಕೆ ಚಾಚಿದ್ರಂತೂ ಸೆಳೆತ ಇನ್ನೂ ಬಿಗಿಯಾಗುತ್ತೆ.

ಕೈ ಎಟುಕಲ್ಲ, ಹೊಟ್ಟೆ ಅಡ್ಡ ಬರುತ್ತೆ ಅನ್ನೋರಿಗೆ ಒಂದು ತೆಳು ಟವೆಲ್ಲು. ದಿಂಬಿನ ಪಕ್ಕ ಇಟ್ಕೊಂಡೇ ಮಲಗಿ. ಸೆಳೆತ ಬಂದಾಗ ಟವೆಲ್ಲಿನ ಮಧ್ಯಭಾಗನ ಬೆರಳುಗಳ ಬುಡಕ್ಕೆ, ಅಂಗಾಲಿನ ಮುಂಭಾಗಕ್ಕೆ ಹಾಕಿ, ಎರಡೂ ತುದಿ ಕೈಯಲ್ಲಿ ಹಿಡಿದು ನಿಧಾನಕ್ಕೆ ನಿಮ್ಮ ಕಡೆ ಎಳೀರಿ. ಜಗ್ಬೇಡಿ. ಮೊದಲ ಐದಾರು ಸೆಕೆಂಡು ನೋವು ಜಾಸ್ತಿಯಾಯ್ತು ಅನ್ಸುತ್ತೆ, ಅಲ್ಲೇ ಬಿಟ್ಬಿಡ್ತಾರೆ ಜನ, ಬಿಡ್ಬೇಡಿ, ಉಸಿರು ಹಿಡ್ಕೊಳ್ಳದೆ ಹಾಗೇ ಎಳೆದಿಡಿ, ಅರ್ಧ ನಿಮಿಷ, ಒಂದು ನಿಮಿಷ. ಕಲ್ಲಿನ ಹಾಗೆ ಗಂಟು ಕಟ್ಟಿದ್ದ ಖಂಡ ಮೆತ್ತಗಾಗೋದು ನಿಮಗೇ ಗೊತ್ತಾಗುತ್ತೆ. ಆಗ್ಲೂ ಟವೆಲ್ ಫಟ್ ಅಂತ ಬಿಡೋದಲ್ಲ, ನಿಧಾನಕ್ಕೆ ಸಡಿಲಿಸಿ, ಇಲ್ಲಾಂದ್ರೆ ತಕ್ಷಣ ಎರಡನೇ ಸಲ ಹಿಡ್ಕೊಳ್ಳುತ್ತೆ.

ನಂಗೆ ಟವೆಲ್ಲಿಗಿಂತ ಇಷ್ಟ ಗೋಡೆ. ಮಂಚದ ಕಾಲು ಕಡೆ ಗೋಡೆಗೆ ತಾಗೋ ಹಾಗೆ ಹಾಕ್ಕೊಂಡ್ರೆ, ಮಲಗಿದ್ದಲ್ಲಿಂದ ಸ್ವಲ್ಪ ಕೆಳಗೆ ಜಾರಿ ಅಂಗಾಲನ್ನ ಪೂರ್ತಿ ಗೋಡೆಗೆ ಒತ್ತಿ ಮಂಡಿ ನೆಟ್ಟಗೆ ಮಾಡಿದ್ರೆ ಮುಗೀತು, ದೀಪ ಹಾಕೋದೂ ಬೇಡ ಯಾರನ್ನೂ ಎಬ್ಬಿಸೋದೂ ಬೇಡ. ಮಂಚ ತಿರುಗಿಸೋಕೆ ಮನೇಲಿ ಜಗಳ ಆದ್ರೂ ಪರವಾಗಿಲ್ಲ, ತಿರುಗಿಸಿ.

ಪಕ್ಕದಲ್ಲಿ ಮಲಗಿರೋರು ಸಹಾಯ ಮಾಡೋದಾದ್ರೆ ಒಂದು ಕೈಯಲ್ಲಿ ಹಿಮ್ಮಡಿ ಹಿಡಿದು, ಇನ್ನೊಂದು ಕೈ ಬೆರಳುಗಳ ಬುಡದಲ್ಲಿಟ್ಟು ಮೇಲಕ್ಕೆ ಒತ್ತಿ. ಗುದ್ದೋದು, ಹಿಂಡೋದು, ಹೆಬ್ಬೆರಳು ಲಟಕ್ ಅನ್ನಿಸೋದು ಏನೂ ಬೇಡ. ತೊಡೆ ಹಿಂಭಾಗಕ್ಕೆ ಬಂದ್ರೂ ಮಂಡಿ ನೆಟ್ಟಗೆ ಮಾಡೋದೇ, ತೊಡೆ ಮುಂಭಾಗಕ್ಕೆ ಬಂದ್ರೆ ಮಾತ್ರ ಉಲ್ಟಾ, ಮಂಡಿ ಮಡಿಸಿ ಹಿಮ್ಮಡಿನ ಕುಂಡೆ ಕಡೆ ತರ್ಬೇಕು. ಆಮೇಲೆ ಬಿಸಿನೀರಿನ ಬ್ಯಾಗೋ ಹಗುರಾಗಿ ಕೈಯಾಡಿಸೋದೋ ನಿಮ್ಮಿಷ್ಟ. ಸ್ಪ್ರೇ ಹುಡುಕ್ಬೇಡಿ, ಡ್ರಾಯರಲ್ಲಿ ಸ್ಪ್ರೇ ಸಿಗೋ ಹೊತ್ತಿಗೆ ಸೆಳೆತ ತಾನೇ ಬಿಟ್ಟಿರುತ್ತೆ, ಕ್ರೆಡಿಟ್ ಮಾತ್ರ ಸ್ಪ್ರೇಗೆ ಹೋಗುತ್ತೆ.

ಎರಡನೇದು: ಏಳೋದು

ಏಳ್ಲೇಬೇಕು ಅನ್ನೋದಿದ್ರೆ ಪಕ್ಕಕ್ಕೆ ಹೊರಳಿ ಕೂತ್ಕೊಳ್ಳಿ, ಕಾಲು ಕೆಳಗೆ ಬಿಟ್ಟು ಒಂದೆರಡು ನಿಮಿಷ ಹಾಗೇ ಕೂತಿರಿ. ಮುಷ್ಟಿ ಬಿಗಿ ಹಿಡಿದು ಬಿಡಿ, ಬೆರಳುಗಳನ್ನ ಮೇಲಕ್ಕೆತ್ತಿ ಇಳಿಸಿ. ಒಂದು ಲೋಟ ನೀರು ಕುಡೀರಿ. ಆಮೇಲೆ ಮಂಚ ಹಿಡ್ಕೊಂಡು ನಿಲ್ಲಿ, ಇಪ್ಪತ್ತರ ತನಕ ಎಣಿಸಿ, ಆಮೇಲೆ ಹೆಜ್ಜೆ. ಇಷ್ಟೇ, ಆದ್ರೆ ಅರ್ಜೆಂಟಲ್ಲಿ ಯಾರೂ ಮಾಡಲ್ಲ.

ಕಣ್ಣು ಮಂಜಾಯ್ತು, ಕಿವಿ ಗುಯ್ ಅಂತು, ತಣ್ಣನೆ ಬೆವರು, ವಾಕರಿಕೆ, ಆಕಳಿಕೆ ಮೇಲೆ ಆಕಳಿಕೆ, ಇದರಲ್ಲಿ ಒಂದು ಶುರುವಾದ್ರೂ ಇನ್ನೊಂದು ನಾಲ್ಕು ಹೆಜ್ಜೆ ಮಂಚದ ತನಕ ಹೋಗ್ಬಿಡೋಣ ಅಂತ ಅನ್ಕೋಬೇಡಿ. ಇದ್ದಲ್ಲೇ ನೆಲಕ್ಕೆ ಕೂತು ಮಲಗ್ಬಿಡಿ, ಕಾಲು ಮೇಲೆ ಮಾಡಿ. ನೆಲ ಒದ್ದೆಯಾಗಿದ್ರೂ ಸರಿ. ಮರ್ಯಾದೆ ಪ್ರಶ್ನೆ ಅಲ್ಲ ಇದು.

ಗಂಡಸರಿಗೆ ಒಂದು ಮಾತು, ರಾತ್ರಿ ನಿಂತ್ಕೊಂಡು ಮೂತ್ರ ಮಾಡೋದು ಬಿಡಿ. ಮೂತ್ರಚೀಲ ಖಾಲಿಯಾಗ್ತಿದ್ದ ಹಾಗೆ ಬಿಪಿ ಇಳಿಯೋದುಂಟು, ರಾತ್ರಿ ಬಾತ್‌ರೂಮಲ್ಲಿ ಬೀಳೋದಕ್ಕೆ ಅದೂ ಒಂದು ಕಾರಣ. ಕೂತು ಮಾಡಿ, ಕಮೋಡ್ ಇದ್ರೆ ಅದರ ಮೇಲೆ. ಇಂಡಿಯನ್ ಟಾಯ್ಲೆಟ್ಟಾದ್ರೆ ಕುಕ್ಕರಗಾಲಿಂದ ಏಳುವಾಗ ಇನ್ನೊಂದು ಸಲ ತಲೆ ಸುತ್ತುತ್ತೆ, ಗೋಡೆಗೆ ಒಂದು ಸ್ಟೀಲ್ ಹಿಡಿಕೆ ಹಾಕಿಸಿ. ಅಂಟಿಸೋ ರಬ್ಬರ್ ಕಪ್ಪಿನ ಹಿಡಿಕೆ ತರ್ಬೇಡಿ, ಒದ್ದೆ ಟೈಲ್ಸಲ್ಲಿ ಅದು ನಿಮ್ಮ ಜೊತೆಗೇ ಕಿತ್ಕೊಂಡು ಬರುತ್ತೆ, ಡ್ರಿಲ್ ಮಾಡಿ ಸ್ಕ್ರೂ ಹಾಕಿದ್ದೇ ಆಗ್ಬೇಕು. ಮತ್ತೆ ಬಾಗಿಲ ಚಿಲಕ. ರಾತ್ರಿ ಹಾಕ್ಬೇಡಿ. ನಮ್ಮ ಮನೆಗಳಲ್ಲಿ ಬಾತ್‌ರೂಮ್ ಬಾಗಿಲು ಹೆಚ್ಚಾಗಿ ಒಳಕ್ಕೆ ತೆರೆಯುತ್ತೆ, ಬಿದ್ದೋರು ಬಾಗಿಲಿಗೆ ಅಡ್ಡ ಬಿದ್ರೆ ಚಿಲಕ ಇಲ್ಲದಿದ್ರೂ ತಳ್ಳೋದು ಕಷ್ಟ, ಚಿಲಕನೂ ಹಾಕಿದ್ರೆ ಒಡೀಬೇಕಾಗುತ್ತೆ. ಹೊಸ ಮನೆ ಕಟ್ಟಿಸೋರು ಆ ಬಾಗಿಲು ಹೊರಗೆ ತೆರೆಯೋ ಹಾಗೆ ಮಾಡಿಸಿ, ಬಡಗಿ ಬೇಡ ಅಂದ್ರೂ ಕೇಳ್ಬೇಡಿ.

ಬಿದ್ದೇಬಿಟ್ರು ಅಂದ್ರೆ

ಒಂದು ಮದುವೆ ಛತ್ರದಲ್ಲಿ ಪಂಕ್ತಿ ಮಧ್ಯೆ ಒಬ್ಬ ಯಜಮಾನರು ಬವಳಿ ಬಂದು ಬಿದ್ರು, ನಾಲ್ಕು ಜನ ಸೇರಿ ಅವರನ್ನ ಎತ್ತಿ ಪ್ಲಾಸ್ಟಿಕ್ ಕುರ್ಚಿ ಮೇಲೆ ಕೂರಿಸಿ ತಲೆ ಹಿಡ್ಕೊಂಡ್ರು, ಒಬ್ಬರು ಬಾಯಿಗೆ ನೀರು ಹಾಕೋಕೆ ಹೋದ್ರು, ನೀರು ಗಲ್ಲದ ಮೇಲಿಂದ ಶಲ್ಯದ ಮೇಲೆ ಸುರೀತಿತ್ತು, ಅವರ ತುಟಿ ಇನ್ನೂ ಬಿಳಿಚ್ಕೊಳ್ತಾ ಹೋಯ್ತು. ಪಕ್ಕದಲ್ಲಿದ್ದ ಒಬ್ಬ ನರ್ಸ್ ಗದರಿಸಿ ನೆಲಕ್ಕೆ ಮಲಗಿಸಿ ಕಾಲನ್ನ ಕುರ್ಚಿ ಮೇಲೆ ಇಟ್ಟಿದ್ದೇ ತಡ, ಕಣ್ಣು ಬಿಟ್ರು. ಬವಳಿ ಬಂದೋರನ್ನ ಕೂರಿಸೋದು ಅಂದ್ರೆ ಮೆದುಳಿಗೆ ರಕ್ತ ಹೋಗೋದನ್ನ ನೀವೇ ತಡೆದ ಹಾಗೆ.

ಮಲಗಿಸಿ, ಕಾಲು ಒಂದಡಿ ಎತ್ತರ ಮಾಡಿ, ಕಾಲರ್ ಸಡಿಲಿಸಿ. ಬಾಯಿಗೆ ನೀರು, ಕಾಫಿ, ಸಕ್ಕರೆ ಯಾವುದೂ ಬೇಡ, ಪೂರ್ತಿ ಎಚ್ಚರ ಆಗೋ ತನಕ. ಕೈಗೆ ಕಬ್ಬಿಣ ಕೊಡೋದು, ಚಪ್ಪಲಿ ಮೂಸಿಸೋದು ದಯವಿಟ್ಟು ಬೇಡ. ಬವಳಿ ಬಂದಾಗ ಕೈಕಾಲು ಕೆಲವು ಸೆಕೆಂಡು ಅದುರೋದುಂಟು, ಅದನ್ನ ನೋಡಿ ಫಿಟ್ಸ್ ಅಂತ ಹಣೆಪಟ್ಟಿ ಕಟ್ಬೇಡಿ. ಮಲಗಿಸಿದ ಮೇಲೆ ಸಾಮಾನ್ಯ ಬವಳಿ ಒಂದೆರಡು ನಿಮಿಷದೊಳಗೆ ತಿಳಿಯಾಗುತ್ತೆ, ಮಾತು ಸ್ಪಷ್ಟವಾಗಿರುತ್ತೆ. ಆಗಲ್ಲ ಅಂದ್ರೆ 108ಕ್ಕೆ ಫೋನ್ ಮಾಡಿ. ಉಸಿರಾಡ್ತಿದ್ದು ಎಚ್ಚರ ಇಲ್ಲ, ವಾಂತಿ ಬರ್ತಿದೆ ಅಂದ್ರೆ ಪಕ್ಕಕ್ಕೆ ತಿರುಗಿಸಿ. ಉಸಿರೇ ಇಲ್ಲ ಅಂದ್ರೆ ಎದೆ ಮಧ್ಯೆ ಎರಡೂ ಕೈಯಿಟ್ಟು ನಿಮಿಷಕ್ಕೆ 100ರಿಂದ 120 ಸಲ ಒತ್ತೋದು ಶುರು ಮಾಡಿ. ಎಚ್ಚರ ಆದ್ಮೇಲೂ ತಕ್ಷಣ ಎಬ್ಬಿಸ್ಬೇಡಿ, ಹತ್ತು ಹದಿನೈದು ನಿಮಿಷ ಮಲಗಿರ್ಲಿ.

ಮನೇಲಿ ಮಾಡ್ಬಹುದಾದ ಒಂದು ಟೆಸ್ಟು

ಬಿಪಿ ಮೆಷಿನ್ ಎಷ್ಟೋ ಮನೇಲಿದೆ, ಎಲ್ಲರೂ ಕೂತ್ಕೊಂಡು ಮಾತ್ರ ನೋಡ್ತಾರೆ. ಐದು ನಿಮಿಷ ಮಲಗಿದ್ದು ಒಂದ್ಸಲ ನೋಡಿ, ಎದ್ದು ನಿಂತು ಒಂದು ನಿಮಿಷಕ್ಕೆ, ಮೂರು ನಿಮಿಷಕ್ಕೆ ಮತ್ತೆ ನೋಡಿ, ಪಕ್ಕದಲ್ಲಿ ಯಾರಾದ್ರೂ ಇರ್ಲಿ. ಮೇಲಿನ ನಂಬರ್ 20, ಇಲ್ಲಾ ಕೆಳಗಿನ ನಂಬರ್ 10 ಇಳಿದ್ರೆ ಅದನ್ನ ಬರೆದಿಟ್ಟು ಡಾಕ್ಟರಿಗೆ ತೋರಿಸಿ. ಮಣಿಕಟ್ಟಿಗೆ ಕಟ್ಟೋ ಮೆಷಿನ್ ನಂಬೋಕಾಗಲ್ಲ, ತೋಳಿಗೆ ಕಟ್ಟೋದೇ ತಗೊಳ್ಳಿ.

ತಡೆಯೋದು ಹೇಗೆ

ಮಲಗೋ ಮುಂಚೆ ಸ್ಟ್ರೆಚ್ಚು. 2012ರಲ್ಲಿ ನೆದರ್ಲೆಂಡ್ಸಲ್ಲಿ 55 ದಾಟಿದ 80 ಜನರ ಮೇಲೆ ನೋಡಿದ್ರು, ಆರು ವಾರ ದಿನಾ ರಾತ್ರಿ ಮೀನಖಂಡ ಮತ್ತು ತೊಡೆ ಹಿಂಭಾಗ ಸ್ಟ್ರೆಚ್ ಮಾಡಿದೋರಿಗೆ ಸೆಳೆತ ಕಮ್ಮಿಯಾಯ್ತು. ಗೋಡೆಗೆ ಕೈಯಿಟ್ಟು ಒಂದು ಕಾಲು ಹಿಂದಕ್ಕೆ, ಹಿಮ್ಮಡಿ ನೆಲ ಬಿಡದ ಹಾಗೆ ಮುಂದಕ್ಕೆ ವಾಲಿ, ಹತ್ತು ಸೆಕೆಂಡು, ಮೂರು ಸಲ, ಎರಡೂ ಕಾಲಿಗೆ. ಬಟ್ಟೆ ಅಂಗಡಿಯಲ್ಲಿ ದಿನಪೂರ್ತಿ ನಿಲ್ಲೋರು, ಕಂಡಕ್ಟರುಗಳು, ಅಡುಗೆ ಭಟ್ಟರು ಇದನ್ನ ತಪ್ಪಿಸ್ಲೇಬೇಡಿ. ಭಾರದ ರಗ್ಗು ಪಾದದ ಮೇಲೆ ಬಿಗಿಯಾಗಿ ಸಿಕ್ಕಿಸ್ಕೋಬೇಡಿ, ಅದು ಬೆರಳನ್ನ ಕೆಳಕ್ಕೆ ತಳ್ಳುತ್ತೆ. ಬೋರಲು ಮಲಗೋರು ಪಾದ ಮಂಚದಿಂದ ಹೊರಗೆ ಬಿಟ್ಟು ಮಲಗಿ.

ಮೆಗ್ನೀಸಿಯಂ ಮಾತ್ರೆ ದುಡ್ಡು ಹಾಳು ಅನ್ನೋದು ನನ್ನ ಅಭಿಪ್ರಾಯ, ನಡೆದ ಅಧ್ಯಯನಗಳನ್ನೆಲ್ಲ ಒಟ್ಟು ಸೇರಿಸಿ ತೂಗಿ ನೋಡೋ ಕೊಕ್ರೇನ್ ಸಂಸ್ಥೆಯ 2020ರ ವಿಮರ್ಶೆ ಕೂಡ ವಯಸ್ಸಾದೋರ ಸೆಳೆತಕ್ಕೆ ಅದರಿಂದ ಹೇಳ್ಕೊಳ್ಳೋವಂಥ ಉಪಯೋಗ ಆಗೋದು ಅನುಮಾನ ಅಂದಿದೆ. ಗರ್ಭಿಣಿಯರ ವಿಷ್ಯ ಬೇರೆ, ಅವರು ತಮ್ಮ ಡಾಕ್ಟರನ್ನ ಕೇಳ್ಲಿ. ಮ್ಯಾಗ್ನೆಟ್ ಪಟ್ಟಿ, ತಾಮ್ರದ ಕಡಗದ ಬಗ್ಗೆ ಮಾತಾಡೋಕೂ ಇಷ್ಟ ಇಲ್ಲ. ಮಲೇರಿಯಾ ಔಷಧಿ ಕ್ವಿನೈನ್ ಮಾತ್ರ ಅಪಾಯ. ಹಿಂದೆ ಇದಕ್ಕೆ ಕೊಡ್ತಿದ್ರು, ಪ್ಲೇಟ್‌ಲೆಟ್ ಕುಸಿಯುತ್ತೆ, ಹೃದಯದ ಲಯ ತಪ್ಪುತ್ತೆ ಅಂತ ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ 2006ರಲ್ಲಿ ಒಂದ್ಸಲ, 2010ರಲ್ಲಿ ಮತ್ತೊಂದ್ಸಲ ಎಚ್ಚರಿಸಿದೆ. ಮೊದ್ಲೇ ಎಚ್ಚರ ತಪ್ಪೋರಿಗೆ ಅದನ್ನ ಕೊಡೋದು ಅಂದ್ರೆ ಕೇಳ್ಬೇಕಾ.

ಬೆವರು ಸುರಿಸಿ ದುಡಿಯೋರಿಗೆ, ಭೇದಿಯಾದೋರಿಗೆ ಉಪ್ಪು ಹಾಕಿದ ಮಜ್ಜಿಗೆ, ಗಂಜಿ, ರಾಗಿ ಅಂಬಲಿ ಸಾಕು. ಓಆರ್‌ಎಸ್ ಬೇಕಂದ್ರೆ ಡಬ್ಲ್ಯುಎಚ್‌ಒ ಫಾರ್ಮುಲಾ ಅಂತ ಬರೆದಿರೋ ಪುಡಿ ಪ್ಯಾಕೆಟ್ಟೇ ತಗೊಂಡು ಅದರಲ್ಲಿ ಹೇಳಿದಷ್ಟೇ ನೀರಿಗೆ ಹಾಕಿ. ಓಆರ್‌ಎಸ್ ಅಂತ ಹೆಸರಿಟ್ಕೊಂಡು ಬಣ್ಣದ ಟೆಟ್ರಾಪ್ಯಾಕಲ್ಲಿ ಬರ್ತಿದ್ದದ್ದು ಎಷ್ಟೋ ಬರೀ ಸಿಹಿ ಜ್ಯೂಸು, ಅದಕ್ಕೇ 2025ರ ಅಕ್ಟೋಬರಲ್ಲಿ ಕೇಂದ್ರದ ಆಹಾರ ಸುರಕ್ಷತಾ ಸಂಸ್ಥೆ ಎಫ್‌ಎಸ್‌ಎಸ್‌ಎಐ ಅಂಥದ್ರ ಮೇಲೆ ಓಆರ್‌ಎಸ್ ಅನ್ನೋ ಹೆಸರೇ ಹಾಕ್ಬಾರ್ದು ಅಂತು. ಕಿಡ್ನಿ ತೊಂದರೆ ಇರೋರು ಮಾತ್ರ ಸೆಳೆತ ಅಂತ ಎಳನೀರು, ಬಾಳೆಹಣ್ಣು ಶುರು ಹಚ್ಕೋಬೇಡಿ, ಪೊಟ್ಯಾಸಿಯಂ ಏರಿದ್ರೆ ಹೃದಯಕ್ಕೇ ಕುತ್ತು. ಹಾರ್ಟ್ ಫೇಲ್ಯೂರ್ ಇರೋರು, ಬಿಪಿ ಜಾಸ್ತಿ ಇರೋರು ಉಪ್ಪಿನ ಮಜ್ಜಿಗೆನೂ ಕೇಳಿಯೇ ಕುಡೀರಿ.

ಡಾಕ್ಟರ ಹತ್ರ

ಒಂದೇ ಕಾಲು ಊದಿದೆ, ಬಿಸಿಯಿದೆ, ಕೆಂಪಾಗಿದೆ ಅಂದ್ರೆ ಅದು ಸೆಳೆತ ಅಲ್ಲದೆ ರಕ್ತ ಹೆಪ್ಪುಗಟ್ಟಿರಬಹುದು, ಎಣ್ಣೆ ಹಾಕಿ ತಿಕ್ಕೋದು ಅಪಾಯ. ಅದರ ಜೊತೆ ಉಸಿರು ಕಟ್ಟಿ ಎಚ್ಚರ ತಪ್ಪಿದ್ರೆ ಹೆಪ್ಪು ಶ್ವಾಸಕೋಶಕ್ಕೆ ಹೋಗಿರ್ಬಹುದು, ಬೆಳಗಾಗ್ಲಿ ಅಂತ ಕಾಯ್ಬೇಡಿ. ಎದೆನೋವು ಇದ್ದು ಬಿದ್ರೆ, ಮಲಗಿದ್ದಾಗ್ಲೇ ಎಚ್ಚರ ತಪ್ಪಿದ್ರೆ, ಸುಳಿವೇ ಇಲ್ಲದೆ ಬಿದ್ರೆ, ನಡೆಯುವಾಗ ಮೆಟ್ಟಿಲು ಹತ್ತುವಾಗ ಬಿದ್ರೆ, ಮನೇಲಿ ಚಿಕ್ಕ ವಯಸ್ಸಲ್ಲಿ ಹಠಾತ್ ಸತ್ತೋರಿದ್ರೆ, ಮಲ ಕಪ್ಪಗೆ ಹೋಗ್ತಿದ್ರೆ, ರಕ್ತ ತೆಳು ಮಾಡೋ ಮಾತ್ರೆ ತಗೊಳ್ಳೋರ ತಲೆಗೆ ಪೆಟ್ಟಾಗಿದ್ರೆ, ಇವೆಲ್ಲ ಅದೇ ರಾತ್ರಿ ಹೋಗೋ ಕೇಸುಗಳು. ನಡೆದಾಗ ಮೀನಖಂಡ ಹಿಡ್ಕೊಂಡು ನಿಂತ್ರೆ ಬಿಡುತ್ತೆ ಅನ್ನೋದು ರಕ್ತನಾಳದ ತೊಂದರೆ, ಬೀಡಿ ಸಿಗರೇಟು ಸೇದೋರಲ್ಲಿ ಜಾಸ್ತಿ, ಅದನ್ನೂ ತೋರಿಸಿ.

ಉಳಿದೋರು ಆ ವಾರದಲ್ಲೇ ಹೋಗಿ ಇಸಿಜಿ, ಹಿಮೋಗ್ಲೋಬಿನ್, ಶುಗರ್, ಸೋಡಿಯಂ ಪೊಟ್ಯಾಸಿಯಂ ಕ್ಯಾಲ್ಸಿಯಂ, ಕ್ರಿಯಾಟಿನಿನ್, ಥೈರಾಯ್ಡ್ ಬೇಕಾ ಅಂತ ಕೇಳಿ. ತಗೊಳ್ತಿರೋ ಅಷ್ಟೂ ಮಾತ್ರೆ ಸ್ಟ್ರಿಪ್ಪುಗಳನ್ನ ಒಂದು ಕವರಿಗೆ ತುಂಬ್ಕೊಂಡು ಹೋಗಿ, ಬಿಳಿ ಮಾತ್ರೆ, ಸಣ್ಣದು ಅಂದ್ರೆ ಯಾರಿಗೂ ಗೊತ್ತಾಗಲ್ಲ. ಮೂತ್ರ ಜಾಸ್ತಿ ಹೋಗಿಸೋ ಹೈಡ್ರೊಕ್ಲೋರೊಥಯಾಜೈಡ್ ಥರದ ಬಿಪಿ ಮಾತ್ರೆ, ಕೆಲವು ಆಸ್ತಮಾ ಇನ್‌ಹೇಲರ್ ಸೆಳೆತ ತರ್ಬಹುದು, ಪ್ರಾಸ್ಟೇಟಿಗೆ ಕೊಡೋ ಟ್ಯಾಮ್ಸುಲೋಸಿನ್ ನಿಂತಾಗ ಬಿಪಿ ಇಳಿಸ್ಬಹುದು, ಎಷ್ಟೋ ಸಲ ಡೋಸು ಬದಲಾಯಿಸಿದ್ರೆ, ಟೈಮ್ ಬದಲಾಯಿಸಿದ್ರೆ ಸಾಕು, ಆದ್ರೆ ನೀವಾಗೇ ನಿಲ್ಲಿಸ್ಬೇಡಿ. ಮತ್ತೆ ಬಿದ್ದಾಗ ನೋಡಿದೋರನ್ನ ಜೊತೆಗೆ ಕರ್ಕೊಂಡು ಹೋಗಿ. ಬಿದ್ದೋರಿಗೆ ಎಷ್ಟು ಹೊತ್ತು ಎಚ್ಚರ ಇರ್ಲಿಲ್ಲ, ಮುಖ ಬಿಳಿಚಿತ್ತಾ ನೀಲಿಯಾಗಿತ್ತಾ, ನಾಲಿಗೆ ಕಚ್ಚಿತ್ತಾ, ಎದ್ದ ಮೇಲೆ ತೊದಲ್ತಾ ಇದ್ರಾ ಅಂತ ಏನೂ ನೆನಪಿರಲ್ಲ, ಡಾಕ್ಟರು ಮೊದ್ಲು ಕೇಳೋದು ಅದನ್ನೇ.