ಹಳೇ ಎಕ್ಸ್‌ಪಿ ಕಂಪ್ಯೂಟರ್‌ಗೆ ನೆಟ್‌ವರ್ಕ್ ಡಿಸ್ಕ್ ಜೋಡಿಸುವುದು ಹೇಗೆ?

ನನ್ನ ಡಿಟಿಪಿ ಅಂಗಡಿಯಲ್ಲಿ ಇವತ್ತಿಗೂ ಒಂದು ವಿಂಡೋಸ್ ಎಕ್ಸ್‌ಪಿ ಕಂಪ್ಯೂಟರ್ ಇದೆ. ಪುಟ ಜೋಡಿಸುವ ಸಾಫ್ಟ್‌ವೇರ್ ಪೇಜ್‌ಮೇಕರ್ 7ರಲ್ಲಿ, ಹಳೇ ನುಡಿ ಫಾಂಟ್‌ನಲ್ಲಿ ಕೂರಿಸಿದ ಪುಸ್ತಕಗಳು ಒಂದು ಒತ್ತೂ ಜಾರದೆ ತೆರೆದುಕೊಳ್ಳುವುದು ಅದರಲ್ಲೇ. ತೊಂದರೆ ಜಾಗದ್ದು. ಹಾರ್ಡ್ ಡಿಸ್ಕ್ ಬರೀ 40 ಜಿಬಿ. ಒಂದು ಎ4 ಪುಟವನ್ನು 600 ಡಿಪಿಐನಲ್ಲಿ ಬಣ್ಣದಲ್ಲಿ ಸ್ಕ್ಯಾನ್ ಮಾಡಿದರೆ ಟಿಫ್ ಫೈಲು 100 ಎಂಬಿ ದಾಟುತ್ತದೆ. 300 ಪುಟದ ಪುಸ್ತಕ ಅಂದರೆ 30 ಜಿಬಿ ಆಯ್ತು, ಅಲ್ವಾ?

ಇದಕ್ಕೆ ಹೊಂದುವ ಐಡಿಇ (ಹಳೇ ಮಾದರಿಯ ಅಗಲ ಕೇಬಲ್‌ನ) ಡಿಸ್ಕ್ ಹುಡುಕುತ್ತಾ ಸುಮ್ನೆ ಅಲೆಯಬೇಡಿ. ಸೆಕೆಂಡ್ ಹ್ಯಾಂಡ್ ಸಿಕ್ಕರೂ ನಂಬುವ ಹಾಗಿಲ್ಲ. ನಾನು ರಾಸ್ಪ್‌ಬೆರಿ ಪೈ 4 ಅನ್ನುವ ಅಂಗೈಯಗಲದ ಕಂಪ್ಯೂಟರ್‌ಗೆ 2 ಟಿಬಿ ಯುಎಸ್‌ಬಿ ಡಿಸ್ಕ್ ಹಾಕಿ, ರೂಟರ್‌ಗೆ ಕೇಬಲ್ ಎಳೆದೆ. ಪೈಯಲ್ಲಿರುವ ಫೋಲ್ಡರನ್ನು ವಿಂಡೋಸ್‌ಗೆ ಕಾಣಿಸುವ ಸಾಂಬಾ ಸಾಫ್ಟ್‌ವೇರ್ ಇನ್‌ಸ್ಟಾಲ್ ಮಾಡಿ, ‘ಕೆಲಸ’ ಅಂತ ಒಂದು ಫೋಲ್ಡರ್ ಶೇರ್ ಮಾಡಿದೆ.

ಜಾಸ್ತಿ ಜನ ಸಿಕ್ಕಿಹಾಕಿಕೊಳ್ಳುವುದು ಇಲ್ಲೇ. ನೆಟ್‌ವರ್ಕ್‌ನಲ್ಲಿ ಫೈಲ್ ಹಂಚಿಕೊಳ್ಳಲು ಕಂಪ್ಯೂಟರ್‌ಗಳು ಆಡುವ ಭಾಷೆ ಎಸ್‌ಎಂಬಿ. ಎಕ್ಸ್‌ಪಿಗೆ ಬರುವುದು ಅದರ ಹಳೇ ರೂಪ ಎಸ್‌ಎಂಬಿ 1 ಮಾತ್ರ. ಸಾಂಬಾ 2019ರ 4.11ನೇ ಆವೃತ್ತಿಯಿಂದ ಅದನ್ನು ಆಫ್ ಮಾಡಿಯೇ ಕೊಡುತ್ತದೆ. ಸೆಟ್ಟಿಂಗ್ ಫೈಲಿನ ಗ್ಲೋಬಲ್ ಭಾಗದಲ್ಲಿ ‘ಸರ್ವರ್ ಮಿನ್ ಪ್ರೊಟೊಕಾಲ್’ ಎದುರು ‘ಎನ್‌ಟಿ1’, ‘ಎನ್‌ಟಿಎಲ್‌ಎಂ ಆಥ್’ ಎದುರು ‘ಯೆಸ್’ ಅಂತ ಇಂಗ್ಲಿಷಿನಲ್ಲಿ ಬರೆದು, ಸಾಂಬಾ ರೀಸ್ಟಾರ್ಟ್ ಮಾಡಿ. ಈ ಸಡಿಲಿಕೆ ಒಂದು ಫೋಲ್ಡರಿಗಲ್ಲ, ಇಡೀ ಸರ್ವರ್‌ಗೆ. ಹಾಗಾಗಿ ಮನೆ ಫೋಟೊ, ಬ್ಯಾಂಕ್ ಕಾಗದ ಆ ಪೈಯಲ್ಲಿ ಬೇಡವೇ ಬೇಡ.

2017ರಲ್ಲಿ ಫೈಲುಗಳಿಗೆ ಬೀಗ ಹಾಕಿ ದುಡ್ಡು ಕೇಳುತ್ತಿದ್ದ ವಾನಾಕ್ರೈ ವೈರಸ್ ನುಗ್ಗಿದ್ದು ವಿಂಡೋಸ್‌ನ ಎಸ್‌ಎಂಬಿ 1ರ ಬಿರುಕಿನಿಂದಲೇ. ಅದಕ್ಕೇ ಎಕ್ಸ್‌ಪಿಯನ್ನು ಇಂಟರ್ನೆಟ್‌ನಿಂದ ದೂರ ಇಡಿ. ಅದರ ಐಪಿ ನಂಬರನ್ನು ನೀವೇ ಕೊಟ್ಟು, ಡೀಫಾಲ್ಟ್ ಗೇಟ್‌ವೇ (ಹೊರಗೆ ಹೋಗುವ ದಾರಿ, ಅಂದರೆ ರೂಟರ್‌ನ ನಂಬರ್) ಜಾಗ ಖಾಲಿ ಬಿಡಿ. ಪೈ ಸಿಗುತ್ತದೆ, ಹೊರಗಿನ ಲೋಕ ಸಿಗುವುದಿಲ್ಲ.

ಆಮೇಲೆ ಮೈ ಕಂಪ್ಯೂಟರ್ ತೆರೆದು, ಟೂಲ್ಸ್ ಮೆನುವಿನಲ್ಲಿ ಮ್ಯಾಪ್ ನೆಟ್‌ವರ್ಕ್ ಡ್ರೈವ್ ಒತ್ತಿ. ಹೆಸರಿನ ಬದಲು ಪೈಯ ಐಪಿ ನಂಬರನ್ನೇ ಹಾಕಿದರೆ ತಲೆನೋವು ಕಮ್ಮಿ. ಡ್ರೈವ್ ಅಕ್ಷರ ‘ಝಡ್’ ಇಡಿ. ಒಮ್ಮೆ ಇಟ್ಟ ಅಕ್ಷರ ಬದಲಿಸಲೇಬೇಡಿ. ನಾನು ಒಮ್ಮೆ ‘ವೈ’ ಮಾಡಿದ್ದೆ. ಜಾತ್ರೆಯ ಸ್ಮರಣ ಸಂಚಿಕೆಯ ಫೋಟೊಗಳ ಲಿಂಕ್ ಎಲ್ಲ ತಪ್ಪಿತ್ತು. ಪರದೆ ಮೇಲೆ ಚೆನ್ನಾಗೇ ಕಂಡವು. ಪ್ರಿಂಟ್ ತೆಗೆದಾಗ ತೇರಿನ ಪತಾಕೆಗಳು ಚೌಕ ಚೌಕವಾಗಿ ಒಡೆದಿದ್ದವು. ಪೇಜ್‌ಮೇಕರ್‌ಗೆ ಮೂಲ ಚಿತ್ರ ಸಿಗದಿದ್ದರೆ ತನ್ನಲ್ಲಿರುವ ಸಣ್ಣ ನಕಲನ್ನೇ ಅಚ್ಚು ಹಾಕುತ್ತದೆ. ಪ್ರಿಂಟಿಗೆ ಮೊದಲು ಲಿಂಕ್ಸ್ ಪಟ್ಟಿ ನೋಡುವುದು ಈಗ ನನಗೆ ಅಭ್ಯಾಸ.

ವೇಗ? 100 ಎಂಬಿಪಿಎಸ್ ಕಾರ್ಡಿನಲ್ಲಿ ಅಂಥ ಒಂದು ಟಿಫ್‌ಗೆ ಹತ್ತು ಸೆಕೆಂಡ್ ಹಿಡಿಯುತ್ತದೆ. ಚಿತ್ರಕ್ಕೆ ಸಾಕು. ಪೇಜ್‌ಮೇಕರ್ ಫೈಲನ್ನು ಮಾತ್ರ ಝಡ್‌ನಿಂದ ನೇರ ತೆರೆಯಬೇಡಿ, ಸೇವ್ ಆಗುವಾಗ ಕೇಬಲ್ ಅಲುಗಿದರೆ ಫೈಲೇ ಕೆಡಬಹುದು. ನಾನು ಸಿ ಡ್ರೈವ್‌ನಲ್ಲಿ ಕೆಲಸ ಮಾಡಿ, ಸಂಜೆ ಝಡ್‌ಗೆ ಕಾಪಿ ಮಾಡುತ್ತೇನೆ. ಪ್ರತಿ ಶನಿವಾರ ಪೈಯಲ್ಲಿರುವುದೆಲ್ಲ ಇನ್ನೊಂದು ಡಿಸ್ಕ್‌ಗೆ ಹೋಗುತ್ತದೆ. ಆ ಡಿಸ್ಕನ್ನು ಅಂಗಡಿಯಲ್ಲಿ ಇಡುವುದಿಲ್ಲ, ಮನೆಗೆ ಒಯ್ಯುತ್ತೇನೆ.